ಆಯಿಲ್ ಪ್ರೆಶರ್ ಗೇಜ್ ಸೋರುತ್ತಿದೆ, ಬೂಟಿನ ಮೇಲೆ ಎಣ್ಣೆ

ಹಳೆಗಾಡಿ65
ಎಲ್ಲರಿಗೂ ನಮಸ್ಕಾರ. ನನ್ನದು 1965ರ ಎರಡು ಆಸನಗಳ ಬ್ರಿಟಿಷ್ ಕಾರು. ಕಳೆದ ವಾರ ಓಡಿಸಿ ಬಂದು ಬೂಟು ಬಿಚ್ಚುವಾಗ ಎಡಗಾಲಿನ ಬೂಟಿನ ಮೇಲೆ ಕಪ್ಪು ಕಲೆ ಕಂಡಿತು. ರಸ್ತೆಯ ಕೊಳೆ ಎಂದುಕೊಂಡು ಒರೆಸಿದೆ. ಮರುದಿನ ಮತ್ತೆ ಅದೇ ಜಾಗದಲ್ಲಿ ಕಲೆ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ ನೋಡಿದೆ. ಆಯಿಲ್ ಗೇಜಿಗೆ ಬರುವ ತೆಳು ತಾಮ್ರದ ಪೈಪು ಗೇಜಿನ ಹಿಂದೆ ಒಂದು ಸುತ್ತು ಹಾಕಿಕೊಂಡಿದೆಯಲ್ಲ, ಆ ಸುತ್ತಿನ ತಳದಲ್ಲಿ ಒಂದು ಹನಿ ತೂಗುತ್ತಿತ್ತು.

ಗೇಜಿನ ಹಿಂದಿನ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ. ಒತ್ತಡ ಸರಿಯಾಗಿಯೇ ಇದೆ: ತಣ್ಣಗಿರುವಾಗ 70 ಪಿಎಸ್‌ಐ, ಬಿಸಿಯಾಗಿ ಓಡುವಾಗ 55, ನಿಂತಲ್ಲಿ 20. ಗೇಜನ್ನೇ ಬಿಚ್ಚಿ ರಿಪೇರಿಗೆ ಕೊಡಬೇಕೇ? ಅಥವಾ ಇನ್ನೂ ಸ್ವಲ್ಪ ಬಿಗಿ ಮಾಡಿ ನೋಡಲೇ?

ತುಕ್ಕುಪ್ರೇಮಿ
ಎಣ್ಣೆ ಸೋರುತ್ತಿದೆ ಎಂದರೆ ಒಳಗೆ ಎಣ್ಣೆ ಇದೆ ಎಂದರ್ಥ. ಸೋರುವುದು ನಿಂತ ದಿನ ಹೆದರಿಕೊಳ್ಳಿ.

ಮೂರನೇಗೇರು
ಈ ಹಾಸ್ಯ ಅವರ ಕಾರಿಗಿಂತ ಹಳೆಯದು.

ಫಿಟ್ಟರ್ ಅಜ್ಜ
ದಯವಿಟ್ಟು ಸ್ಪ್ಯಾನರ್ ಕೆಳಗಿಡಿ. ಆ ನಟ್ಟನ್ನು ಇನ್ನು ಕಾಲು ಸುತ್ತು ಕೂಡ ತಿರುಗಿಸಬೇಡಿ.

ಕಾರಣ ಹೇಳುತ್ತೇನೆ. ಗೇಜಿನ ಹಿಂದೆ ಚಾಚಿಕೊಂಡಿರುವ ಹಿತ್ತಾಳೆಯ ಕುತ್ತಿಗೆಗೆ ಒಳಗಡೆ ಚಪ್ಪಟೆಯಾದ, ಬಿಲ್ಲಿನಂತೆ ಬಾಗಿದ ತೆಳು ಕೊಳವೆಯೊಂದನ್ನು ಬೆಸೆದಿರುತ್ತಾರೆ. ಫ್ರಾನ್ಸಿನ ಬೂರ್ಡಾನ್ ಎಂಬ ಎಂಜಿನಿಯರ್ 1849ರಲ್ಲಿ ಪೇಟೆಂಟ್ ಪಡೆದ ಯುಕ್ತಿ ಅದು. ಒಳಗೆ ಒತ್ತಡ ಬಿದ್ದಾಗ ಆ ಕೊಳವೆ ನೆಟ್ಟಗಾಗಲು ಹೊರಡುತ್ತದೆ, ಆ ಅಲುಗಾಟವೇ ಮುಳ್ಳನ್ನು ತಿರುಗಿಸುತ್ತದೆ. ನೀವು ಒಂದೇ ಸ್ಪ್ಯಾನರಿನಿಂದ ನಟ್ಟನ್ನು ಬಲವಾಗಿ ತಿರುಗಿಸಿದರೆ ಕುತ್ತಿಗೆಯೂ ಜೊತೆಗೇ ತಿರುಗಿ ಒಳಗಿನ ಬೆಸುಗೆ ಬಿಡುತ್ತದೆ. ಆಮೇಲೆ ನಿಜವಾಗಿಯೂ ಗೇಜೇ ಸೋರುತ್ತದೆ. ಕುತ್ತಿಗೆಗೆ ಒಂದು ಸ್ಪ್ಯಾನರ್, ನಟ್ಟಿಗೆ ಇನ್ನೊಂದು. ಎರಡು ಸ್ಪ್ಯಾನರಿಗೆ ಜಾಗವಿಲ್ಲ ಎಂದರೆ ಗೇಜನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ಎಳೆದುಕೊಂಡೇ ಕೆಲಸ ಮಾಡಬೇಕು.

ಇನ್ನೊಂದು ಮಾತು. ಹನಿ ಎಲ್ಲಿ ಬೀಳುತ್ತದೆಯೋ ಅಲ್ಲಿ ಸೋರಿಕೆ ಇರುವುದಿಲ್ಲ. ಎಣ್ಣೆ ಪೈಪಿನ ಮೈಗೆ ಅಂಟಿಕೊಂಡು ಹರಿದು, ಇನ್ನು ಇಳಿಯಲು ಜಾಗವಿಲ್ಲದ ಕಡೆ ಹನಿಯುತ್ತದೆ. ನಿಮ್ಮ ಸುತ್ತಿನ ತಳ ಅಂಥ ಜಾಗ.

ಹಳೆಗಾಡಿ65
ಅಜ್ಜ, ಸ್ಪ್ಯಾನರ್ ಕೆಳಗಿಟ್ಟೆ. ಹಾಗಾದರೆ ಮೂಲವನ್ನು ಹುಡುಕುವುದು ಹೇಗೆ? ಎಲ್ಲವೂ ಒಂದೇ ಸಮ ಕಪ್ಪಗಿದೆ.

ಫಿಟ್ಟರ್ ಅಜ್ಜ
ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪೈಪನ್ನು ತುದಿಯಿಂದ ತುದಿಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಬಿಳಿ ಟಿಶ್ಯೂ ಕಾಗದವನ್ನು ಸಣ್ಣ ಪಟ್ಟಿ ಮಾಡಿ ನಾಲ್ಕು ಕಡೆ ಸುತ್ತಿ: ಗೇಜಿನ ನಟ್ಟು, ಸುತ್ತು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯನ್ನು ಪೈಪು ದಾಟುವ ಜಾಗ, ಎಂಜಿನ್ ಬ್ಲಾಕಿನ ಕೂಡಿಕೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ, ಒತ್ತಡ ಹೆಚ್ಚಿರುವುದು ಆಗಲೇ. ಐದು ನಿಮಿಷ ಬಿಟ್ಟು ಆರಿಸಿ ನೋಡಿ. ಮೊದಲು ಕಲೆಯಾದ ಕಾಗದವೇ ಉತ್ತರ.

ನೈಲಾನ್ ಪಕ್ಷ
ಇಷ್ಟೆಲ್ಲ ಪತ್ತೇದಾರಿ ಏಕೆ? ಹಳೆಯ ತಾಮ್ರವನ್ನು ಕಿತ್ತೆಸೆದು ನೈಲಾನ್ ಪೈಪು ಹಾಕಿ. ಅರ್ಧ ಗಂಟೆಯ ಕೆಲಸ. ನಾನು ಹಾಕಿ ಒಂಬತ್ತು ವರ್ಷವಾಯಿತು.

ಬಾನೆಟ್ ತೆರೆದವಳು
ಒಂಬತ್ತು ವರ್ಷದಿಂದ ಅದು ಎಂಜಿನ್ನಿನ ಬಿಸಿ ಹೊಗೆ ಹೊರಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿಲ್ಲ ಎಂದಷ್ಟೇ ಅದರ ಅರ್ಥ. ನನ್ನದು ತಾಗಿತ್ತು. ಹಿಡಿಕೆಯ ಕ್ಲಿಪ್ಪು ಒಂದು ಕಳಚಿ ಪೈಪು ಜೋಲಾಡಿ, ಬಿಸಿಗೆ ಮೆತ್ತಗಾಗಿ ತೂತಾಯಿತು. ಕೆಂಪಗೆ ಕಾದ ಮ್ಯಾನಿಫೋಲ್ಡಿನ ಮೇಲೆ ಒತ್ತಡದಲ್ಲಿರುವ ಎಣ್ಣೆ ಚಿಮ್ಮಿದರೆ ಏನಾಗುತ್ತದೆ ಎಂದು ವರ್ಣಿಸಬೇಕಿಲ್ಲ. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ನುಗ್ಗಿತು. ತಕ್ಷಣ ಎಂಜಿನ್ ಆರಿಸಿದ್ದರಿಂದ ಹೊಗೆಯಲ್ಲೇ ಮುಗಿಯಿತು. ಆವತ್ತಿನಿಂದ ನನ್ನ ಕಾರಿನಲ್ಲಿ ಅಗ್ನಿಶಾಮಕ ಇದೆ, ನೈಲಾನ್ ಇಲ್ಲ.

ನೈಲಾನ್ ಪಕ್ಷ
ಅದು ಕ್ಲಿಪ್ಪಿನ ತಪ್ಪು ಮೇಡಂ, ನೈಲಾನಿನದ್ದಲ್ಲ.

ಬಾನೆಟ್ ತೆರೆದವಳು
ಕ್ಲಿಪ್ಪು ಕಳಚಿದ್ದು ತಾಮ್ರದಿಂದಾಗಿದ್ದರೆ ತಾಮ್ರ ಬಿಸಿಯಾಗಿ ಸುಮ್ಮನಿರುತ್ತಿತ್ತು, ಕರಗುತ್ತಿರಲಿಲ್ಲ. ಕ್ಲಿಪ್ಪು ಎಂದೂ ಕಳಚದು ಎಂಬ ನಂಬಿಕೆಯ ಮೇಲೆ ಎಣ್ಣೆಯ ಪೈಪು ಹಾಕಬಾರದು.

ಮೂರನೇಗೇರು
ತಾಮ್ರವೂ ಸಾಧುವಲ್ಲ. ಎಂಜಿನ್ ಅಲುಗುತ್ತದೆ, ಕಾರಿನ ದೇಹ ಅಲುಗುವುದಿಲ್ಲ, ನಡುವೆ ಪೈಪು ಸಿಕ್ಕಿಕೊಂಡಿರುತ್ತದೆ. ವರ್ಷಗಟ್ಟಲೆ ನಡುಗಿ ನಡುಗಿ ತಾಮ್ರ ಗಡಸಾಗಿ, ನಟ್ಟಿನ ಅಂಚಿನಲ್ಲೇ ಸೀಳುತ್ತದೆ. ಅದಕ್ಕೇ ಪೈಪಿಗೆ ಸುತ್ತು ಹಾಕುವುದು, ಸುತ್ತು ಸ್ಪ್ರಿಂಗಿನಂತೆ ನಡುಕವನ್ನು ನುಂಗಲಿ ಎಂದು. ಅದನ್ನು ಅಂದಕ್ಕೆ ಎಂದುಕೊಂಡು ನೇರ ಮಾಡಿದವರನ್ನು ನೋಡಿದ್ದೇನೆ.

ಗ್ರೀಸ್‌ಕೈ
ಟೆಫ್ಲಾನ್ ಟೇಪು ನಾಲ್ಕು ಸುತ್ತು ಸುತ್ತಿ ಬಿಗಿ ಮಾಡಿ, ಮುಗಿಯಿತು.

ಫಿಟ್ಟರ್ ಅಜ್ಜ
ಎಲ್ಲಿ ಸುತ್ತಬೇಕು ಎಂದೂ ಹೇಳಿ. ಈ ಕೂಡಿಕೆಗಳಲ್ಲಿ ಥ್ರೆಡ್ಡು ಎಣ್ಣೆಯನ್ನು ತಡೆಯುವುದೇ ಇಲ್ಲ. ಅದರ ಕೆಲಸ ಒತ್ತುವುದಷ್ಟೇ. ತಡೆಯುವುದು ಪೈಪಿನ ಮೇಲೆ ಕಚ್ಚಿ ಕೂರುವ ಹಿತ್ತಾಳೆಯ ಬಳೆ, ಅಥವಾ ತುದಿಯಲ್ಲಿರುವ ವಾಷರ್. ಟೇಪು ಸುತ್ತಿದರೆ ನಟ್ಟು ಅರ್ಧ ದಾರಿಯಲ್ಲೇ ಬಿಗಿಯಾದಂತೆ ಅನ್ನಿಸಿ, ಬಳೆ ಕೂರುವುದೇ ಇಲ್ಲ. ಹರಿದ ಟೇಪಿನ ಚೂರು ಒಳಗೆ ಸೇರಿ ಸೂಜಿಮೊನೆಯಷ್ಟಿರುವ ರಂಧ್ರವನ್ನು ಮುಚ್ಚಿದರೆ ಗೇಜ್ ಸೊನ್ನೆ ತೋರಿಸುತ್ತದೆ. ಆಗ ಎಂಜಿನ್ ಹೋಯಿತೆಂದು ಎದೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂರುತ್ತೀರಿ.

ಗ್ರೀಸ್‌ಕೈ
ಸರಿ ಅಜ್ಜ, ಹಿಂತೆಗೆದುಕೊಂಡೆ. ಇಪ್ಪತ್ತು ವರ್ಷದಿಂದ ಸುತ್ತುತ್ತಿದ್ದೇನೆ ಎಂಬುದನ್ನು ಯಾರಿಗೂ ಹೇಳಬೇಡಿ.

ಹಿತ್ತಾಳೆ ಬಳೆ
ಮೂಲ ಪ್ರಶ್ನೆ ಕೇಳಿದವರಿಗೆ ಎಚ್ಚರಿಕೆ. ನಿಮ್ಮದು ಆಯಿಲ್ ಒತ್ತಡ ಮತ್ತು ನೀರಿನ ಬಿಸಿ ಎರಡನ್ನೂ ಒಂದೇ ಡಬ್ಬಿಯಲ್ಲಿ ತೋರಿಸುವ ಗೇಜೇ? ಹಾಗಿದ್ದರೆ ಹಿಂದೆ ಎರಡು ಪೈಪುಗಳಿರುತ್ತವೆ. ಒಂದು ಎಣ್ಣೆಯದು. ಇನ್ನೊಂದು ತೆಳ್ಳಗಿದ್ದು, ಹೆಚ್ಚಾಗಿ ಸುರುಳಿ ತಂತಿಯ ಕವಚ ಹೊದ್ದಿರುತ್ತದೆ. ಅದು ನೀರಿನ ಬಿಸಿಯದು, ಒಳಗೆ ಈಥರ್ ತುಂಬಿ ಶಾಶ್ವತವಾಗಿ ಮುಚ್ಚಿರುತ್ತಾರೆ. ಅದನ್ನು ಬಿಚ್ಚುವ ನಟ್ಟು ಗೇಜಿನ ಕಡೆ ಇರುವುದೇ ಇಲ್ಲ. ಮಡಿಸಿದರೆ, ಕತ್ತರಿಸಿದರೆ ಈಥರ್ ಹಾರಿ ಹೋಗಿ ಮುಳ್ಳು ತಳದಲ್ಲಿ ಮಲಗುತ್ತದೆ. ನಾನು ಕತ್ತಲಲ್ಲಿ ಕೈ ತಡವಿ ಕಟ್ಟರ್ ಹಾಕಿದ್ದು ಅದಕ್ಕೇ. ಪುಸ್ ಎಂಬ ಸಣ್ಣ ಸದ್ದು ಬಂತು, ಸಿಹಿಯಾದ ವಾಸನೆ ಬಂತು, ಆಮೇಲೆ ನಾನು ಬಹಳ ಹೊತ್ತು ಮಾತನಾಡಲಿಲ್ಲ.

ತುಕ್ಕುಪ್ರೇಮಿ
ನಿಮ್ಮ ಹೆಸರು ಹಿತ್ತಾಳೆ ಬಳೆ ಎಂದು ಏಕೆ ಎಂಬುದು ಈಗ ಗೊತ್ತಾಯಿತು. ಮದುವೆಯ ವಿಷಯ ಎಂದುಕೊಂಡಿದ್ದೆ.

ವಿದ್ಯುತ್ ಮನುಷ್ಯ
ಕ್ಯಾಬಿನ್ನಿನೊಳಗೆ ಬಿಸಿ ಎಣ್ಣೆಯನ್ನು ತರುವುದೇ ತಪ್ಪು ಕಲ್ಪನೆ. ಬ್ಲಾಕಿಗೆ ಒಂದು ವಿದ್ಯುತ್ ಸೆಂಡರ್, ಅಂದರೆ ಒತ್ತಡವನ್ನು ತಂತಿಯ ಮೂಲಕ ಗೇಜಿಗೆ ತಿಳಿಸುವ ಸಾಧನ, ಹಾಕಿ, ತಂತಿಯೊಂದನ್ನು ಒಳಗೆ ತನ್ನಿ. ತಂತಿ ಸೋರುವುದಿಲ್ಲ.

ಮೂರನೇಗೇರು
ತಂತಿ ಸೋರುವುದಿಲ್ಲ, ಸುಳ್ಳು ಹೇಳುತ್ತದೆ. ಸೆಂಡರ್ ಒಂದು ಅಳತೆಯದು, ಗೇಜ್ ಇನ್ನೊಂದು ಅಳತೆಯದಾದರೆ ಮುಳ್ಳು ಬಾಯಿಗೆ ಬಂದದ್ದನ್ನು ಹೇಳುತ್ತದೆ. ಒತ್ತಡ ಏರಿದಂತೆ 10ರಿಂದ 180 ಓಮ್‌ಗೆ ಏರುವ ಸೆಂಡರ್ ಇದೆ, 240ರಿಂದ 33ಕ್ಕೆ ಇಳಿಯುವುದೂ ಇದೆ. ಎರಡನ್ನೂ ಬೆರೆಸಿದರೆ ಎಂಜಿನ್ ಆರಿದಾಗ ಒತ್ತಡ ತುಂಬಿ ತುಳುಕುತ್ತದೆ.

ವಿದ್ಯುತ್ ಮನುಷ್ಯ
ಜೋಡಿಯಾಗಿಯೇ ಕೊಂಡರೆ ಆ ತೊಂದರೆ ಇಲ್ಲ. ಆದರೆ ಒಂದು ಮಾತು ನಾನೇ ಒಪ್ಪುತ್ತೇನೆ: ಆ ಸೆಂಡರ್ ಡಬ್ಬಿಯಷ್ಟು ದಪ್ಪ, ಭಾರ. ಅದನ್ನು ಹಿತ್ತಾಳೆಯ ಟಿ ಕೂಡಿಕೆಯ ಮೇಲೆ ನೇರವಾಗಿ ನಿಲ್ಲಿಸಿದರೆ ನಡುಕಕ್ಕೆ ಹಿತ್ತಾಳೆಯ ಕುತ್ತಿಗೆಯೇ ಮುರಿಯುತ್ತದೆ. ಹೊಂದಿಕೊಳ್ಳುವ ಹೋಸು ಹಾಕಿ, ಸೆಂಡರನ್ನು ದೇಹಕ್ಕೆ ಬಿಗಿಯಬೇಕು. ಸೆಂಡರಿನ ಮೈಗೆ ಭೂಸಂಪರ್ಕದ ತಂತಿ ಬೇರೆ ಎಳೆಯಬೇಕು.

ಬಾನೆಟ್ ತೆರೆದವಳು
ಅಂದರೆ ಕೊನೆಗೂ ಒಂದು ಹೋಸು ಬಂತು. ತಂತಿ ಸೋರುವುದಿಲ್ಲ, ಹೋಸು ಸೋರುತ್ತದೆ.

ಹಳೆಗಾಡಿ65
ಟಿಶ್ಯೂ ಪರೀಕ್ಷೆ ಆಯಿತು! ಗೇಜಿನ ನಟ್ಟು ಒಣ. ಸುತ್ತು ಐದು ನಿಮಿಷವಾದರೂ ಒಣ. ಬ್ಲಾಕಿನ ಕಡೆಯೂ ಒಣ. ತಗಡಿನ ಗೋಡೆ ದಾಟುವ ಜಾಗದ ಕಾಗದ ಮಾತ್ರ ನೆನೆದು ಹೋಗಿತ್ತು. ಅಲ್ಲಿ ತೂತಿನ ಅಂಚು ಪೈಪಿಗೆ ತಾಗದಂತೆ ಕಾಯುವ ರಬ್ಬರ್ ಬಳೆ, ಗ್ರಾಮೆಟ್, ಇರಬೇಕಿತ್ತು, ಇಲ್ಲ. ಯಾವಾಗಲೋ ಪುಡಿಯಾಗಿ ಉದುರಿರಬೇಕು. ತಗಡಿನ ಬರಿಯ ಅಂಚು ಪೈಪಿನ ಅಡಿಭಾಗವನ್ನು ಗರಗಸದಂತೆ ತೇದಿದೆ. ಕನ್ನಡಿ ಹಿಡಿದು ನೋಡಿದರೆ ಅಕ್ಕಿಕಾಳಿನಷ್ಟು ಉದ್ದದ ಹೊಳೆಯುವ ಗೆರೆ, ಅದರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಅಲ್ಲಿಂದ ಎಣ್ಣೆ ಪೈಪಿನ ಮೈಮೇಲೆ ಒಂದಡಿ ಇಳಿದು ಬಂದು ಸುತ್ತಿನ ತಳದಲ್ಲಿ ಹನಿಯುತ್ತಿತ್ತು.

ಅಜ್ಜ, ನಿಮಗೆ ನಮಸ್ಕಾರ. ಈಗ ಆ ತೂತಿನ ಮೇಲೆ ಬೆಸುಗೆ ಹಾಕಿದರೆ ಸಾಕೇ?

ಗ್ರೀಸ್‌ಕೈ
ಸಾಕು. ಸೀಸದ ಬೆಸುಗೆ, ಸ್ವಲ್ಪ ಫ್ಲಕ್ಸ್, ಹತ್ತು ನಿಮಿಷ.

ಹಿತ್ತಾಳೆ ಬಳೆ
ಬೇಡ. ತೇದು ತೆಳ್ಳಗಾದ ಜಾಗದ ಮೇಲೆ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಮುಂದಿನ ತೂತಾಗುತ್ತದೆ. ಬೆಸುಗೆಯ ಮುದ್ದೆ ಇರುವೆಡೆ ಪೈಪು ಬಾಗುವುದಿಲ್ಲ, ನಡುಕವೆಲ್ಲ ಮುದ್ದೆಯ ಅಂಚಿಗೆ ಸೇರುತ್ತದೆ. ಮೇಲೊಂದು ದಪ್ಪ ತಾಮ್ರದ ತೋಳು ಹಾಕಿ ಬೆಳ್ಳಿ ಬೆಸುಗೆ ಮಾಡಿದರೆ ಬಾಳಬಹುದು. ಆದರೆ ಅಷ್ಟು ಶ್ರಮಕ್ಕೆ ಹೊಸ ಪೈಪೇ ಬರುತ್ತದೆ.

ಫಿಟ್ಟರ್ ಅಜ್ಜ
ಬಳೆಯವರ ಮಾತು ಸರಿ. ಅರವತ್ತು ವರ್ಷ ನಡುಗಿದ ತಾಮ್ರ ಅದು. ಪೂರ್ತಿ ಬದಲಿಸಿ. ಬ್ಲಾಕಿನಿಂದ ಗೋಡೆಯವರೆಗೆ ಹೊಂದಿಕೊಳ್ಳುವ ಹೋಸು, ಗೋಡೆಯಿಂದ ಒಳಗೆ 1/8 ಇಂಚಿನ ಹೊಸ ತಾಮ್ರ. ಎಂಜಿನ್ನಿನ ಅಲುಗಾಟವನ್ನು ಹೋಸು ತೆಗೆದುಕೊಳ್ಳುತ್ತದೆ. ಗ್ರಾಮೆಟ್ ಮೊದಲು ಪೈಪಿಗೆ ತೂರಿಸಿ, ಆಮೇಲೆ ತುದಿಯ ಕೂಡಿಕೆ. ಮರೆತರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ನಾನು ಮೂರು ಸಲ ಮರೆತಿದ್ದೇನೆ.

ಗೇಜಿನ ಕಡೆ ಪೈಪಿನ ತುದಿಗೂ ಗೇಜಿಗೂ ನಡುವೆ ಪುಟ್ಟ ಚರ್ಮದ ವಾಷರ್ ಇರುತ್ತದೆ ಹಳೆಯ ಬ್ರಿಟಿಷ್ ಗೇಜುಗಳಲ್ಲಿ. ಕರಕಲು ಬಿಲ್ಲೆಯಂತೆ ಕಾಣುವುದರಿಂದ ಕಸವೆಂದು ಎಸೆಯುತ್ತಾರೆ. ಹೊಸದನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ ಹಾಕಿ.

ಮೂರನೇಗೇರು
ಹೊಸ ತಾಮ್ರ ಗಡುಸಾಗಿದ್ದರೆ ಮಂಕು ಕೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿಗೆ ಅದ್ದಿ. ಮೆತ್ತಗಾಗುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಗಡಸೇ ಉಳಿಯುತ್ತದೆ.

ಹಿತ್ತಾಳೆ ಬಳೆ
ಅರ್ಧ ಸರಿ. ತಾಮ್ರಕ್ಕೆ ಹೇಗೆ ಆರಿಸಿದರೂ ಒಂದೇ. ನೀರಿಗೆ ಅದ್ದುವುದು ಬೇಗ ಕೈಗೆ ಸಿಗಲಿ, ಮೇಲಿನ ಕಪ್ಪು ಪದರ ಉದುರಲಿ ಎಂದು. ಅದ್ದಿದರೆ ಗಡಸಾಗುವುದು ಉಕ್ಕು, ಆ ಗುಣವನ್ನು ತಾಮ್ರಕ್ಕೆ ತಿರುವು ಮುರುವಾಗಿ ಅಂಟಿಸಿದ್ದಾರೆ.

ಮೂರನೇಗೇರು
ಯಾರು ಅಂಟಿಸಿದ್ದು? ನಮ್ಮ ಮೇಷ್ಟರು ಹೇಳಿದ್ದು.

ಹಿತ್ತಾಳೆ ಬಳೆ
ಹಾಗಾದರೆ ಮೇಷ್ಟರು.

ಸಂಪ್ ಖಾಲಿ
ನಡುವೆ ಬಾಯಿ ಹಾಕುತ್ತಿದ್ದೇನೆ. ಹೊಸ ಪೈಪು ಬರುವವರೆಗೆ ಈ ಕಾರನ್ನು ಓಡಿಸಬೇಡಿ. ತೂತು ಸಣ್ಣದು ಎಂದು ನಾನೂ ಓಡಿಸಿದೆ. ಪೈಪು ಪೂರ್ತಿ ತುಂಡಾದ ಮೇಲೆ ಎಣ್ಣೆ ಎಂಜಿನ್ನಿನ ತಳದಲ್ಲಿ ಇರುವವರೆಗೂ ಪಂಪು ಅದನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ನನಗೆ ಗೊತ್ತಾದದ್ದು ಮುಳ್ಳು ಬಿದ್ದಾಗ, ಅಂದರೆ ತಡವಾಗಿ. ದಾರಿಯಲ್ಲಿ ಹಾಗಾದರೆ ಒಂದು ಉಪಾಯ: ಬ್ಲಾಕಿನ ಕಡೆಯ ತಾಮ್ರವನ್ನು ಪ್ಲೈಯರಿನಿಂದ ಚಪ್ಪಟೆ ಮಾಡಿ, ಎರಡು ಸಲ ಮಡಿಸಿ ಬಿಗಿಯಾಗಿ ಹಿಸುಕಿ. ಎಣ್ಣೆ ತುಂಬಿಕೊಂಡು ನಿಧಾನವಾಗಿ ಮನೆ ಸೇರಬಹುದು. ಗೇಜ್ ಇರುವುದಿಲ್ಲ, ಎಂಜಿನ್ ಇರುತ್ತದೆ.

ನೈಲಾನ್ ಪಕ್ಷ
ಈ ಉಪಾಯ ನೈಲಾನಿಗೆ ಆಗುವುದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬೇರೇನನ್ನೂ ಒಪ್ಪುವುದಿಲ್ಲ.

ಹಳೆಗಾಡಿ65
ಹತ್ತು ದಿನಗಳ ನಂತರದ ವರದಿ. ಸ್ಟೀಲ್ ಹೆಣಿಗೆಯ ಹೋಸು, ಹೊಸ ತಾಮ್ರ, ಗ್ರಾಮೆಟ್, ಚರ್ಮದ ವಾಷರ್ ಎಲ್ಲ ಬಂತು. ಹಾಕಿದೆ. ಗ್ರಾಮೆಟ್ ಮರೆತು ಒಂದು ಸಲ ಬಿಚ್ಚಿದೆ, ಅಜ್ಜ, ನಗಬೇಡಿ. ಒಳಗಡೆ ಎಲ್ಲ ಒಣ. ಆದರೆ ಈಗ ಬ್ಲಾಕಿನ ಕಡೆ ಹೊಸ ಅಡಾಪ್ಟರ್ ಜಿನುಗುತ್ತಿದೆ! ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ತುಂಬ ಬಿಗಿ. ಇನ್ನಷ್ಟು ಬಲ ಹಾಕಲೇ? ಪೊಟ್ಟಣದ ಮೇಲೆ 1/8 ಎಂದೇ ಇತ್ತು.

ಫಿಟ್ಟರ್ ಅಜ್ಜ
ಬಲ ಹಾಕಬೇಡಿ!! 1/8 ಯಾವುದು? ಬಿಎಸ್‌ಪಿಯೇ, ಎನ್‌ಪಿಟಿಯೇ?

ಹಳೆಗಾಡಿ65
1/8 ಎಂದರೆ 1/8 ಅಲ್ಲವೇ? ಅಳೆದು ನೋಡಿದೆ, ಅದು 1/8 ಇಂಚೇ ಅಲ್ಲ, ಸುಮಾರು 10 ಮಿಲಿಮೀಟರ್ ಇದೆ. ತಲೆ ಕೆಟ್ಟಿತು.

ಹಿತ್ತಾಳೆ ಬಳೆ
ಆಹಾ, ಈ ಗೊಂದಲಕ್ಕೆ ಕಾಯುತ್ತಿದ್ದೆ. 1/8 ಎಂಬುದು ಥ್ರೆಡ್ಡಿನ ದಪ್ಪವಲ್ಲ, ಹಿಂದಿನ ಕಾಲದ ಪೈಪಿನ ಒಳಗಿನ ಅಳತೆಯ ಹೆಸರು ಹಾಗೇ ಉಳಿದುಕೊಂಡಿದೆ. ಬ್ರಿಟಿಷ್ 1/8 ಬಿಎಸ್‌ಪಿಯ ಹೊರ ವ್ಯಾಸ 9.73 ಮಿ.ಮೀ., ಇಂಚಿಗೆ 28 ಎಳೆ, ಕೋನ 55 ಡಿಗ್ರಿ. ಅಮೆರಿಕದ 1/8 ಎನ್‌ಪಿಟಿಯದು 10.29 ಮಿ.ಮೀ., ಇಂಚಿಗೆ 27 ಎಳೆ, 60 ಡಿಗ್ರಿ, ಮೇಲಾಗಿ ಮೊನೆಯ ಕಡೆ ಸಪೂರ. ಒಂದೇ ಎಳೆಯ ವ್ಯತ್ಯಾಸವಾದ್ದರಿಂದ ಒಂದೆರಡು ಸುತ್ತು ಹೋಗಿಯೇ ಹೋಗುತ್ತದೆ, ಆಮೇಲೆ ಸಿಕ್ಕಿಕೊಳ್ಳುತ್ತದೆ. ನಿಮಗೆ ಆದದ್ದು ಇದೇ. ಇವೆರಡರ ನಡುವೆ ಮೋಸ ಮಾಡಲು 10 ಮಿ.ಮೀ. ದಪ್ಪದ, 1 ಮಿ.ಮೀ. ಅಂತರದ ಮೆಟ್ರಿಕ್ ಥ್ರೆಡ್ಡು ಕೂಡ ಇದೆ.

ಸಂಪ್ ಖಾಲಿ
ಎಳೆ ಎಣಿಸುವ ಗೇಜಿನ ಎಲೆಗಳು ಇಲ್ಲದಿದ್ದರೆ ಹಳೆಯ ಕೂಡಿಕೆಯನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ಇಟ್ಟು ಬೆಳಕಿಗೆ ಹಿಡಿಯಿರಿ. ಎಳೆಗಳು ಒಂದಕ್ಕೊಂದು ಕೂತರೆ ಬೆಳಕು ಕಾಣದು.

ಹಳೆಗಾಡಿ65
ಹಿಡಿದೆ. ಬೆಳಕು ಧಾರಾಳವಾಗಿ ಕಾಣುತ್ತಿದೆ. ಎನ್‌ಪಿಟಿಯೇ. ಬ್ಲಾಕಿನ ಥ್ರೆಡ್ಡು ಕೆಟ್ಟಿತೇ?

ಫಿಟ್ಟರ್ ಅಜ್ಜ
ಹಿತ್ತಾಳೆ ಮೆತ್ತಗೆ, ಬೀಡುಕಬ್ಬಿಣ ಗಡಸು. ಎರಡು ಸುತ್ತಿಗೆ ಕೆಟ್ಟಿರುವುದು ಅಡಾಪ್ಟರ್, ಬ್ಲಾಕಲ್ಲ. ಹಳೆಯ ಕೂಡಿಕೆಯನ್ನು ಕೈಯಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ತಳದವರೆಗೆ ಹೋದರೆ ಬದುಕಿದಿರಿ. ಎಸೆದಿಲ್ಲ ತಾನೇ?

ಹಳೆಗಾಡಿ65
ಎಸೆದಿಲ್ಲ. ಸಲೀಸಾಗಿ ಹೋಯಿತು. ಉಸಿರು ಬಂತು.

ವಿದ್ಯುತ್ ಮನುಷ್ಯ
ಸ್ಟೀಲ್ ಹೆಣಿಗೆಯ ಹೋಸು ಎಂದಿರಿ. ಅದು ಬ್ಯಾಟರಿಯಿಂದ ಬರುವ ದಪ್ಪ ತಂತಿಗೋ ಸ್ಟಾರ್ಟರಿನ ಕೊಂಡಿಗೋ ತಾಗದಂತೆ ಕಟ್ಟಿ. ಹೆಣಿಗೆ ಲೋಹ, ತಾಗಿದರೆ ಕಿಡಿ ಹಾರಿ ಹೋಸೇ ಸುಡುತ್ತದೆ. ಪಕ್ಕದ ರಬ್ಬರನ್ನೂ ಅದು ಅರದಂತೆ ತೇಯುತ್ತದೆ.

ಹಳೆಗಾಡಿ65
ಮೇಲೆ ರಬ್ಬರ್ ತೋಳು ಹಾಕಿ ಎರಡು ಕಡೆ ಕ್ಲಿಪ್ಪು ಬಿಗಿದೆ. ಇನ್ನೊಂದು ಅನುಮಾನ: ಹೊಸ ಪೈಪಿನಲ್ಲಿ ಗಾಳಿ ಇದೆಯಲ್ಲ, ಬ್ರೇಕಿನಂತೆ ಗಾಳಿ ತೆಗೆಯಬೇಕೇ?

ಫಿಟ್ಟರ್ ಅಜ್ಜ
ಬೇಕಿಲ್ಲ. ಪೈಪಿನಲ್ಲಿ ಎಣ್ಣೆ ಹರಿಯುವುದೇ ಇಲ್ಲ, ತಳ್ಳುತ್ತದೆ ಅಷ್ಟೇ. ಗಾಳಿ ಕುಗ್ಗಿ ಅದೇ ಒತ್ತಡವನ್ನು ಗೇಜಿಗೆ ಮುಟ್ಟಿಸುತ್ತದೆ. ಮುಳ್ಳು ಒಂದು ಕ್ಷಣ ತಡವಾಗಿ ಏರಬಹುದು. ಹರಿವಿಲ್ಲದ್ದರಿಂದಲೇ ನೀವು ಎಷ್ಟು ಸಲ ಆಯಿಲ್ ಬದಲಿಸಿದರೂ ಆ ಪೈಪಿನೊಳಗಿನದು ಬದಲಾಗುವುದಿಲ್ಲ. ನಿಮ್ಮ ಬೂಟಿನ ಮೇಲೆ ಬಿದ್ದದ್ದು ಮೊದಮೊದಲು ಬಹಳ ಹಳೆಯ ಎಣ್ಣೆ.

ತುಕ್ಕುಪ್ರೇಮಿ
ಪುರಾತನ ವಸ್ತು. ಬೂಟನ್ನು ತೊಳೆಯಬೇಡಿ.

ಬಾನೆಟ್ ತೆರೆದವಳು
ಕಾರ್ಪೆಟ್ಟಿನ ಗತಿ ಏನು? ನನ್ನದಕ್ಕೆ ಟಾಲ್ಕಂ ಪೌಡರ್ ದಪ್ಪಗೆ ಸುರಿದು ಎರಡು ದಿನ ಬಿಟ್ಟು ಹೀರಿಸಿದೆ. ಕಲೆ ಹೋಯಿತು. ಕಾರು ಈಗಲೂ ಸ್ನಾನ ಮಾಡಿಸಿದ ಮಗುವಿನಂತೆ ಘಮಘಮಿಸುತ್ತದೆ.

ಗ್ರೀಸ್‌ಕೈ
ಮರದ ಹೊಟ್ಟು ಇದಕ್ಕಿಂತ ಚೆನ್ನಾಗಿ ಹೀರುತ್ತದೆ.

ನೈಲಾನ್ ಪಕ್ಷ
ಮರದ ಹೊಟ್ಟು ಕಾರ್ಪೆಟ್ಟಿನಿಂದ ಜನ್ಮದಲ್ಲಿ ಹೋಗುವುದಿಲ್ಲ.

ಹಳೆಗಾಡಿ65
ಸರಿಯಾದ ಬಿಎಸ್‌ಪಿ ಅಡಾಪ್ಟರ್, ಹೊಸ ತಾಮ್ರದ ವಾಷರ್ ಹಾಕಿ ಇವತ್ತಿಗೆ 300 ಕಿಲೋಮೀಟರ್ ಆಯಿತು. ನಾಲ್ಕೂ ಟಿಶ್ಯೂಗಳು ಬೆಳ್ಳಗಿವೆ. ತಣ್ಣಗೆ 70, ಬಿಸಿಯಲ್ಲಿ 55, ನಿಂತಲ್ಲಿ 20, ಮೊದಲಿನಂತೆಯೇ. ಎಲ್ಲರಿಗೂ ಧನ್ಯವಾದ, ಗ್ರೀಸ್‌ಕೈ ಅವರಿಗೂ.

ಹಿತ್ತಾಳೆ ಬಳೆ
ಸಂತೋಷ. ಒಂದೇ ಆಕ್ಷೇಪ. ಶೀರ್ಷಿಕೆಯಲ್ಲಿ ಗೇಜ್ ಸೋರುತ್ತಿದೆ ಎಂದಿದೆ. ಗೇಜ್ ಸೋರಲೇ ಇಲ್ಲ, ಅದರ ನಟ್ಟೂ ಸೋರಲಿಲ್ಲ. ತಿದ್ದಿ.

ಹಳೆಗಾಡಿ65
ತಿದ್ದಲು ಹೋದೆ, ಅವಧಿ ಮೀರಿದೆಯಂತೆ.

ಮೂರನೇಗೇರು
ಇನ್ನು ಗೇಜ್ ಸೋರುವವರೆಲ್ಲ ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ.

ಹೊಸಬ72
ನಮಸ್ಕಾರ, ಹುಡುಕಿಕೊಂಡು ಬಂದೆ. ನನ್ನದು ನಿಜವಾಗಿಯೂ ಗೇಜೇ ಸೋರುತ್ತಿದೆ, ಗಾಜಿನ ಒಳಗಡೆಯೇ ಎಣ್ಣೆ ತುಂಬಿದೆ. ನಟ್ಟನ್ನು ಸ್ವಲ್ಪ ಬಿಗಿ ಮಾಡಿದ್ದೆ ಅಷ್ಟೇ.

ಫಿಟ್ಟರ್ ಅಜ್ಜ
ಎಷ್ಟು ಸ್ಪ್ಯಾನರ್ ಹಿಡಿದಿದ್ದಿರಿ?

ಹೊಸಬ72
ಒಂದು.